ಜ್ವಾಲೆಯಿಲ್ಲದ ಆವಿಗೆ: ವಿದ್ಯುತ್ ಸುಡುವಿಕೆಯಲ್ಲಿ ಬೆಂಕಿಯ ಗುರುತುಗಳು

೧. ಪ್ರಸ್ತಾವನೆ

ಕುಂಭಕಲೆಯನ್ನು ಕುರಿತ ಬರಹಗಳಲ್ಲಿ ಆಕಾರಕ್ಕೆ ದೊರೆತಿರುವ ಪ್ರಾಧಾನ್ಯ ಸುಡುವಿಕೆಗೆ ದೊರೆತಿಲ್ಲ. ಪಾತ್ರೆಯ ಬಾಯಿ, ಕಂಠ, ಒಡಲು, ತಳಗಳ ವಿನ್ಯಾಸ, ಮೈಮೇಲಿನ ಗೀರುಚಿತ್ತಾರ, ತಿಗರಿಯ ಬಗೆಗಳು ಮುಖ್ಯವಾಗಿ ಚರ್ಚೆಗೆ ಬಂದಿವೆ. ಆದರೆ ಹಸಿಮಣ್ಣು ನೀರಿಗೆ ಕರಗದ ವಸ್ತುವಾಗಿ ಮಾರ್ಪಡುವುದು ಆವಿಗೆಯಲ್ಲಿ. ಆ ಮಾರ್ಪಾಟಿನ ಗುರುತುಗಳು ಪಾತ್ರೆಯ ಮೈಮೇಲೆ ಉಳಿದುಕೊಳ್ಳುತ್ತವೆ. ಜ್ವಾಲೆ ಯಾವ ಕಡೆಯಿಂದ ಬಂದಿತು, ಬೂದಿ ಎಲ್ಲಿ ಕುಳಿತಿತು, ಹೊಗೆ ಎಷ್ಟು ಹೊತ್ತು ಸುತ್ತುವರಿದಿತ್ತು, ಪಕ್ಕದಲ್ಲಿ ಇನ್ನೊಂದು ಪಾತ್ರೆ ಒತ್ತಿಕೊಂಡಿತ್ತೇ ಎಂಬುದನ್ನು ಬಲ್ಲವರು ಅದರಲ್ಲಿ ಓದಬಲ್ಲರು.

ಕಳೆದ ಒಂದು ಶತಮಾನದ ಅವಧಿಯಲ್ಲಿ ಜಗತ್ತಿನ ಅಸಂಖ್ಯ ಕಲಾಕುಂಬಾರರ ಕೈಗೆ ಜ್ವಾಲೆಯೇ ಇಲ್ಲದ ಆವಿಗೆ ಬಂದಿದೆ. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಶಾಖವಾಗಿ ಮಾರ್ಪಟ್ಟು ಮಣ್ಣನ್ನು ಬೇಯಿಸುತ್ತದೆ. ಅದರೊಳಗೆ ಸೌದೆಯಿಲ್ಲ, ಹೊಗೆಯಿಲ್ಲ, ಹಾರುವ ಬೂದಿಯಿಲ್ಲ. ಹೀಗಿದ್ದೂ ಸೌದೆ, ಉಪ್ಪು, ಹೊಗೆಗಳಿಂದ ಮಾತ್ರ ಸಾಧ್ಯವೆಂದು ತಿಳಿಯಲಾಗಿದ್ದ ಪರಿಣಾಮಗಳನ್ನು ಈ ಆವಿಗೆಯಲ್ಲಿ ಪಡೆಯುವ ಪ್ರಯತ್ನ ನಿರಂತರವಾಗಿ ನಡೆದಿದೆ. ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಇದಕ್ಕೆಂದೇ ಕೈಪಿಡಿಗಳು, ಕಾರ್ಯಾಗಾರಗಳು ರೂಪುಗೊಂಡಿವೆ. ಇದನ್ನು ಜಾಣ್ಮೆಯೆಂದು ಮೆಚ್ಚುವವರು ಒಂದು ಕಡೆಗಿದ್ದರೆ ಬರಿಯ ಅನುಕರಣೆಯೆಂದು ತಳ್ಳಿಹಾಕುವವರು ಇನ್ನೊಂದು ಕಡೆಗಿದ್ದಾರೆ. ಈ ಎರಡೂ ನಿಲುವುಗಳು ಒಂದು ಮೂಲಭೂತ ವ್ಯತ್ಯಾಸವನ್ನು ಗಮನಕ್ಕೆ ತಂದುಕೊಂಡಿಲ್ಲ. ಪರಿಣಾಮಕ್ಕೆ ಕಾರಣವಾದುದನ್ನು ಮಣ್ಣಿಗೆ ಒದಗಿಸುವುದು ಒಂದು ಕ್ರಮ. ನಡೆಯದೇ ಇದ್ದ ಘಟನೆಯೊಂದರ ಚಿತ್ರವನ್ನು ಮಣ್ಣಿನ ಮೇಲೆ ಬರೆಯುವುದು ಮತ್ತೊಂದು ಕ್ರಮ. ಇವೆರಡನ್ನು ಬೇರ್ಪಡಿಸಿ, ಜಾನಪದ ಅಧ್ಯಯನದ ಪರಿಕಲ್ಪನೆಗಳ ನೆರವಿನಿಂದ ಅವುಗಳ ಬೆಲೆಯನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

೨. ಒಳಗಾಳಿಯ ಕೆಲಸ

ಆವಿಗೆಯೊಳಗಿನ ಗಾಳಿಯ ಗುಣವು ಶಾಖದಷ್ಟೇ ಮುಖ್ಯವಾದುದು. ಉರಿಗೆ ಬೇಕಾದಷ್ಟು ಗಾಳಿ ದೊರೆತಾಗ ಒಳಗೆ ಆಮ್ಲಜನಕ ಉಳಿಯುತ್ತದೆ. ಇದು ಉತ್ಕರ್ಷಣದ ಸ್ಥಿತಿ. ಗಾಳಿಯ ದಾರಿಯನ್ನು ತಗ್ಗಿಸಿದಾಗ ಇಂಧನ ಪೂರ್ತಿ ಉರಿಯದೆ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅದು ತನಗೆ ಬೇಕಾದ ಆಮ್ಲಜನಕವನ್ನು ಮಣ್ಣಿನಲ್ಲಿ ಮತ್ತು ಮಣ್ಣಿನ ಮೇಲಿನ ಗಾಜುಲೇಪದಲ್ಲಿ ಇರುವ ಲೋಹದ ಆಕ್ಸೈಡುಗಳಿಂದ ಕಿತ್ತುಕೊಳ್ಳುತ್ತದೆ. ಇದು ಅಪಕರ್ಷಣದ ಸ್ಥಿತಿ. ಒಂದೆರಡು ಪಾಲು ಕಬ್ಬಿಣವಿರುವ ಗಾಜುಲೇಪವು ಮೊದಲ ಸ್ಥಿತಿಯಲ್ಲಿ ಜೇನಿನ ಬಣ್ಣಕ್ಕೆ ತಿರುಗಿದರೆ ಎರಡನೆಯ ಸ್ಥಿತಿಯಲ್ಲಿ ಚೀನಾ ಮತ್ತು ಕೊರಿಯಾ ದೇಶಗಳ ಪ್ರಸಿದ್ಧ ಸೆಲಡಾನ್ ಪಾತ್ರೆಗಳ ಬೂದುಹಸಿರನ್ನು ಪಡೆಯುತ್ತದೆ. ತಾಮ್ರವು ಮೊದಲನೆಯದರಲ್ಲಿ ಹಸಿರು, ಎರಡನೆಯದರಲ್ಲಿ ನೆತ್ತರಿನ ಕೆಂಪು.

ಇದಲ್ಲದೆ ಹೊರಗಿನಿಂದ ಬರುವ ವಸ್ತುಗಳೂ ಪಾತ್ರೆಯ ಮೈಯನ್ನು ರೂಪಿಸುತ್ತವೆ. ಜರ್ಮನಿಯ ರೈನ್ ನದಿಯ ಸೀಮೆಯಲ್ಲಿ ಬೆಳೆದ ಉಪ್ಪುಮೆರುಗಿನ ಪದ್ಧತಿಯಲ್ಲಿ ಕಾದು ಬೆಳ್ಳಗಾದ ಆವಿಗೆಯೊಳಗೆ ಅಡುಗೆಯ ಉಪ್ಪನ್ನೇ ಎಸೆಯಲಾಗುತ್ತದೆ. ಅದರ ಸೋಡಿಯಂ ಆವಿಯಾಗಿ ಮಣ್ಣಿನ ಸಿಲಿಕದೊಡನೆ ಕೂಡಿ ಕಿತ್ತಳೆ ಸಿಪ್ಪೆಯಂತಹ ತರಿತರಿಯಾದ ಮೆರುಗನ್ನುಂಟುಮಾಡುತ್ತದೆ. ಜಪಾನಿನ ಬಿಜೆನ್, ಶಿಗರಾಕಿ ಮೊದಲಾದ ಹಳೆಯ ಕುಂಬಾರಿಕೆಯ ನೆಲೆಗಳಲ್ಲಿ ಸೌದೆಯ ಬೂದಿ ಜ್ವಾಲೆಯೊಡನೆ ಹಾರಿಬಂದು ಪಾತ್ರೆಯ ಹೆಗಲ ಮೇಲೆ ಕುಳಿತು, ಕರಗಿ, ತಾನೇ ಗಾಜಾಗುತ್ತದೆ. ಅಲ್ಲಿ ಲೇಪವನ್ನು ಹಚ್ಚುವುದು ಕುಂಬಾರನ ಕೈಯಲ್ಲ, ಆವಿಗೆಯ ಗಾಳಿ.

ಒಳಗಾಳಿಯನ್ನು ಆಳುವ ಈ ತಿಳಿವಳಿಕೆ ದೂರದ ದೇಶಗಳಿಗೆ ಸೀಮಿತವಾದುದಲ್ಲ. ಮಾರ್ಟಿಮರ್ ವೀಲರ್ ೧೯೪೭ರಲ್ಲಿ ಉತ್ಖನನ ನಡೆಸಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬೃಹತ್ ಶಿಲಾ ಸಂಸ್ಕೃತಿಯ ಸ್ತರಗಳಲ್ಲಿ ಕಪ್ಪು-ಕೆಂಪು ಮಡಕೆಗಳು ದೊರೆತಿವೆ. ಇವುಗಳ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಮಡಕೆಯನ್ನು ಬೋರಲು ಹಾಕಿ, ಬಾಯಿಯ ಕಡೆ ಗಾಳಿಯಾಡದಂತೆ ಹೊಟ್ಟು, ಸೊಪ್ಪುಸದೆ ಮುಂತಾದವುಗಳಲ್ಲಿ ಹುದುಗಿಸಿ ಸುಟ್ಟಿರಬೇಕೆಂಬುದು ಸಾಮಾನ್ಯವಾಗಿ ನೀಡಲಾಗುವ ವಿವರಣೆ. ಹಾಗೆ ಸುಟ್ಟಿದ್ದಲ್ಲಿ ಒಂದೇ ಮಡಕೆಯ ಮೈಮೇಲೆ ಉತ್ಕರ್ಷಣ ಮತ್ತು ಅಪಕರ್ಷಣಗಳೆರಡನ್ನೂ ಏಕಕಾಲದಲ್ಲಿ ನಡೆಸಿದ ಕೌಶಲ ಅದು. ಸುಡುವಿಕೆಯ ಅಧ್ಯಯನವನ್ನು ಪಾತ್ರೆಯ ಅಧ್ಯಯನದಿಂದ ಬೇರ್ಪಡಿಸಲಾಗದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನವನ್ನು ಈ ನೆಲದಲ್ಲಿ ಹುಡುಕಬೇಕಾಗಿಲ್ಲ.

೩. ತಂತಿಯ ಆವಿಗೆಯ ಆಗಮನ

ಜ್ವಾಲೆಯಿಂದ ತಂತಿಗೆ ಆದ ಪಲ್ಲಟಕ್ಕೆ ಸೌಂದರ್ಯಾಭಿರುಚಿಗಿಂತ ನಗರ ಜೀವನದ ಒತ್ತಡಗಳೇ ಕಾರಣ. ಇಂಗ್ಲೆಂಡಿನ ಕುಂಬಾರಿಕೆಯ ಪಟ್ಟಣವಾದ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಸೀಸೆಯಾಕಾರದ ಕಲ್ಲಿದ್ದಲ ಆವಿಗೆಗಳು ಸಾವಿರಾರು ಸಂಖ್ಯೆಯಲ್ಲಿದ್ದವು. ೧೯೫೬ರ ಶುದ್ಧವಾಯು ಕಾಯಿದೆಯ ತರುವಾಯ ಅವು ಒಂದೊಂದಾಗಿ ಆರಿಹೋದವು. ೧೯೭೮ರಲ್ಲಿ ಸ್ಮರಣಾರ್ಥವಾಗಿ ಕೊನೆಯ ಬಾರಿಗೆ ಅಂತಹ ಒಂದು ಆವಿಗೆಯನ್ನು ಉರಿಸಲಾಯಿತು. ಜಪಾನಿನ ಕ್ಯೋಟೊ ನಗರದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಆವಿಗೆಗಳು ವಾಯುಮಾಲಿನ್ಯ ನಿಯಂತ್ರಣದ ಫಲವಾಗಿ ೧೯೭೦ರ ದಶಕದಲ್ಲಿ ನಿಂತುಹೋದವು. ಖ್ಯಾತ ಕುಂಬಾರ ಕವಾಯ್ ಕಂಜಿರೊ (೧೮೯೦–೧೯೬೬) ಬಳಸಿದ ಆವಿಗೆ ಇಂದು ಆತನ ಮನೆಯ ವಸ್ತುಸಂಗ್ರಹಾಲಯದ ಭಾಗವಾಗಿ ತಣ್ಣಗೆ ನಿಂತಿದೆ.

ವಿದ್ಯುತ್ ಆವಿಗೆ ಈ ತೆರಪನ್ನು ತುಂಬಿತು. ಅದರ ಹೃದಯ ಕಬ್ಬಿಣ, ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಬೆರೆತ ತಂತಿ. ಸ್ವೀಡನ್ನಿನಲ್ಲಿ ರೂಪುಗೊಂಡ ಕಂತಾಲ್ ಎಂಬ ಮಿಶ್ರಲೋಹ ಇದಕ್ಕೆ ಹೆಸರಾದುದು. ಕಾದಾಗ ಈ ತಂತಿಯ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳುಪೊರೆ ಕಟ್ಟಿಕೊಂಡು ಅದೇ ತಂತಿಗೆ ಕವಚವಾಗುತ್ತದೆ. ಅಪಕರ್ಷಣದ ಗಾಳಿಯಲ್ಲಿ ಈ ಕವಚ ಕ್ಷೀಣಿಸುತ್ತದೆ. ಉಪ್ಪಿನ ಆವಿ ಅದನ್ನು ತಿಂದುಹಾಕುತ್ತದೆ. ಅಂದರೆ ಕುಂಬಾರ ಬಯಸುವ ಒಳಗಾಳಿಯೇ ಆವಿಗೆಯ ಶತ್ರು. ವಿಯೆನ್ನಾದಿಂದ ೧೯೩೮ರಲ್ಲಿ ಲಾಸ್ ಏಂಜಲೀಸಿಗೆ ವಲಸೆ ಹೋದ ಒಟ್ಟೊ ನಾಟ್ಸ್ಲರ್ ಅವರಂತಹ ಕೆಲವರು ಉರಿಯುವ ವಸ್ತುಗಳನ್ನು ವಿದ್ಯುತ್ ಆವಿಗೆಯೊಳಕ್ಕೇ ಹಾಕಿ ಹೊಗೆಯ ಫಲಗಳನ್ನು ಪಡೆದುದುಂಟು. ಆದರೆ ಸಾಮಾನ್ಯ ಕುಂಬಾರನಿಗೆ ತಂತಿಯನ್ನು ಪದೇ ಪದೇ ಬದಲಿಸುವುದು ಸಾಧ್ಯವಾಗದ ಮಾತು. ಆದ್ದರಿಂದ ಗಾಳಿಯನ್ನು ಬದಲಿಸದೆ ಫಲವನ್ನು ಪಡೆಯುವ ಮಾರ್ಗಗಳ ಶೋಧ ಅನಿವಾರ್ಯವಾಯಿತು.

೪. ಮಿಂಗೇ ತತ್ತ್ವ ಮತ್ತು ಅದರ ಮಿತಿ

ಈ ಶೋಧವನ್ನು ಕೀಳಾಗಿ ಕಾಣುವ ದೃಷ್ಟಿಯ ಬೇರು ಒಂದು ನಿರ್ದಿಷ್ಟ ಚಿಂತನಧಾರೆಯಲ್ಲಿದೆ. ಜಪಾನಿನ ಯಾನಗಿ ಸೊಯೆತ್ಸು (೧೮೮೯–೧೯೬೧) ತನ್ನ ಮಿತ್ರರಾದ ಹಮಾದಾ ಶೋಜಿ ಮತ್ತು ಕವಾಯ್ ಕಂಜಿರೊ ಅವರೊಡನೆ ೧೯೨೫ರಲ್ಲಿ 'ಮಿಂಗೇ', ಅಂದರೆ ಜನಸಾಮಾನ್ಯರ ಕುಶಲಕಲೆ, ಎಂಬ ಪದವನ್ನು ಬಳಕೆಗೆ ತಂದನು. ಹೆಸರಿಲ್ಲದ ಕುಶಲಕರ್ಮಿಯು ಅಹಂಕಾರವಿಲ್ಲದೆ, ದಿನಬಳಕೆಗೆಂದು, ಸ್ಥಳೀಯ ವಸ್ತುಗಳಿಂದ ಮಾಡಿದುದರಲ್ಲಿಯೇ ಶ್ರೇಷ್ಠ ಚೆಲುವಿದೆ ಎಂಬುದು ಆತನ ನಿಲುವು. ಬೌದ್ಧರ ಸುಖಾವತಿ ಪಂಥದಿಂದ ಆತ ಸ್ವಶಕ್ತಿ ಮತ್ತು ಪರಶಕ್ತಿ ಎಂಬ ಜೋಡಿ ಪರಿಕಲ್ಪನೆಗಳನ್ನು ಪಡೆದುಕೊಂಡನು. ಕುಂಬಾರ ತನ್ನ ಬಲದಿಂದ ಸಾಧಿಸಿದುದು ಸ್ವಶಕ್ತಿ. ಮಣ್ಣು, ಬೂದಿ, ಜ್ವಾಲೆಗಳು ಅನುಗ್ರಹಿಸಿದುದು ಪರಶಕ್ತಿ. ಈ ಎಣಿಕೆಯಲ್ಲಿ ಗುಂಡಿ ಒತ್ತಿದೊಡನೆ ನಿಗದಿತ ಶಾಖವನ್ನು ಏರಿಸುವ ವಿದ್ಯುತ್ ಆವಿಗೆಗೆ ಗೌರವದ ಸ್ಥಾನ ದೊರೆಯುವುದು ಕಷ್ಟ.

ಈ ಚಿಂತನೆಯನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದವನು ಬರ್ನಾರ್ಡ್ ಲೀಚ್ (೧೮೮೭–೧೯೭೯). ಹಮಾದಾನೊಡನೆ ೧೯೨೦ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಶಾಲೆಯನ್ನು ತೆರೆದು ಆತ ಅಲ್ಲಿ ಜಪಾನೀ ಮಾದರಿಯ ಏರು ಆವಿಗೆಯನ್ನು ಕಟ್ಟಿಸಿದನು. ೧೯೪೦ರಲ್ಲಿ ಪ್ರಕಟವಾದ ಆತನ 'ಎ ಪಾಟರ್ಸ್ ಬುಕ್' ಹಲವು ತಲೆಮಾರುಗಳ ಕುಂಬಾರರಿಗೆ ಪ್ರಮಾಣಗ್ರಂಥವಾಯಿತು. ಉನ್ನತ ಶಾಖದ, ಅಪಕರ್ಷಣದಲ್ಲಿ ಸುಟ್ಟ, ಕಂದುಬೂದು ಛಾಯೆಯ ಪಾತ್ರೆಯೇ ಸತ್ಪಾತ್ರೆ ಎಂಬ ಅಭಿರುಚಿ ನೆಲೆಗೊಂಡುದು ಬಹುಮಟ್ಟಿಗೆ ಈ ಕೃತಿಯ ಪ್ರಭಾವದಿಂದ. ವಿದ್ಯುತ್ ಆವಿಗೆಯ ಮುಂದೆ ಕುಳಿತ ಕುಂಬಾರನೂ ಅದೇ ಛಾಯೆಯನ್ನು ಬಯಸತೊಡಗಿದ. ಹೀಗೆ ಅನುಕರಣೆಯ ಬಯಕೆಯನ್ನು ಹುಟ್ಟಿಸಿದುದೂ ಅನುಕರಣೆಯನ್ನು ನಿಂದಿಸಿದುದೂ ಒಂದೇ ಅಭಿರುಚಿ ಎಂಬುದು ಗಮನಾರ್ಹ.

ಈ ಶುದ್ಧತೆಯ ಆಗ್ರಹವು ತನ್ನ ನೆಲೆಯಲ್ಲಿಯೇ ಪೂರ್ಣವಾಗಿ ಪಾಲನೆಯಾಗಲಿಲ್ಲ. ಸೇಂಟ್ ಐವ್ಸ್‌ನ ಆವಿಗೆಯೇ ೧೯೩೦ರ ದಶಕದ ಕೊನೆಯ ವೇಳೆಗೆ ಸೌದೆಯಿಂದ ಎಣ್ಣೆಯ ಉರಿಗೆ ಬದಲಾಯಿತು. ಮಿಂಗೇ ತತ್ತ್ವವು ಜಾನಪದದಿಂದ ಸಹಜವಾಗಿ ಮೂಡಿದುದಲ್ಲ, ಆಧುನಿಕ ನಗರದ ವಿದ್ಯಾವಂತರು ಕಟ್ಟಿದ ಆದರ್ಶ ಎಂಬುದನ್ನು ಯೂಕೊ ಕಿಕುಚಿ ೨೦೦೪ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಸೌದೆಯ ಆವಿಗೆಗೆ ಜಮೀನು ಬೇಕು, ರಾಶಿ ಸೌದೆ ಬೇಕು, ದಿನಗಟ್ಟಲೆ ಸರದಿಯಲ್ಲಿ ಉರಿ ಕಾಯುವ ಜನ ಬೇಕು, ಹೊಗೆಯನ್ನು ಸಹಿಸುವ ನೆರೆಹೊರೆ ಬೇಕು. ಇವು ಇಲ್ಲದವರ ಕೆಲಸವನ್ನು ಕೀಳೆನ್ನುವುದು ಕಲಾವಿಮರ್ಶೆಯ ವೇಷ ತೊಟ್ಟ ಅನುಕೂಲಸ್ಥರ ಮಾತಾಗಿಬಿಡುವ ಅಪಾಯವಿದೆ.

ಲೂಸಿ ರೀ (೧೯೦೨–೧೯೯೫) ಈ ಮಾತಿಗೆ ಸಮರ್ಥ ನಿದರ್ಶನ. ವಿಯೆನ್ನಾದಿಂದ ನಿರಾಶ್ರಿತೆಯಾಗಿ ೧೯೩೮ರಲ್ಲಿ ಲಂಡನ್ನಿಗೆ ಬಂದ ಈಕೆ ಯುದ್ಧದ ವರ್ಷಗಳಲ್ಲಿ ಉಡುಪುಗಳಿಗೆ ಪಿಂಗಾಣಿಯ ಗುಂಡಿಗಳನ್ನು ಮಾಡಿ ಬದುಕಿದರು. ಪುಟ್ಟ ಮನೆಯ ಕೆಳಗಿನ ಕೋಣೆಯೇ ಅವರ ಕಾರ್ಯಶಾಲೆ. ವಿದ್ಯುತ್ ಆವಿಗೆಯೇ ಅವರ ಸಾಧನ. ಅವರ ತೆಳುಗೋಡೆಯ ಪಾತ್ರೆಗಳು ಲೀಚನಿಗೆ ಆರಂಭದಲ್ಲಿ ರುಚಿಸಲಿಲ್ಲ. ರೀ ಕೆಲಕಾಲ ಆತನ ಅಭಿರುಚಿಗೆ ಹತ್ತಿರವಾಗಲು ಯತ್ನಿಸಿ ಕೊನೆಗೆ ತಮ್ಮ ದಾರಿಗೇ ಮರಳಿದರು. ಹಸಿಪಾತ್ರೆಗೆ ಕುಂಚದಿಂದ ಗಾಜುಲೇಪ ಹಚ್ಚಿ ಒಂದೇ ಬಾರಿಗೆ ಸುಡುವ ಕ್ರಮವನ್ನು ಅವರು ಅನುಸರಿಸಿದರು. ಜ್ವಾಲೆ ಇಲ್ಲದ ಆವಿಗೆಯ ನಿಶ್ಚಲತೆಯನ್ನು ಕೊರತೆಯೆಂದು ತಿಳಿಯದೆ, ಅದನ್ನೇ ಅವಲಂಬಿಸಿ ಬಣ್ಣ ಮತ್ತು ಗೆರೆಗಳ ಸೂಕ್ಷ್ಮತೆಯನ್ನು ಸಾಧಿಸಿದುದು ಅವರ ಹಿರಿಮೆ.

೫. ಮೂರು ಮಾರ್ಗಗಳು

ವಿದ್ಯುತ್ ಆವಿಗೆಯಲ್ಲಿ ಬೆಂಕಿಯ ಪರಿಣಾಮವನ್ನು ಪಡೆಯುವ ವಿಧಾನಗಳನ್ನು ಸ್ಥೂಲವಾಗಿ ಮೂರು ಮಾರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಕಾರಣವನ್ನೇ ಒದಗಿಸುವ ಮಾರ್ಗ. ಇದರ ಅತ್ಯುತ್ತಮ ನಿದರ್ಶನ ಬಿಜೆನ್ ಪಾತ್ರೆಗಳ 'ಹಿದಾಸುಕಿ' ಎಂಬ ಕೆಂಪು ಎಳೆಗಳ ಗುರುತು. ಪಾತ್ರೆಗಳು ಒಂದಕ್ಕೊಂದು ಅಂಟದಿರಲೆಂದು ನಡುವೆ ಭತ್ತದ ಹುಲ್ಲನ್ನು ಸುತ್ತಿಡುತ್ತಿದ್ದುದರಿಂದ ಹುಟ್ಟಿದ ಗುರುತಿದು. ಹುಲ್ಲಿನಲ್ಲಿರುವ ಪೊಟ್ಯಾಸಿಯಂ ಮಣ್ಣಿನೊಡನೆ ವರ್ತಿಸಿ ತೆಳುವಾದ ದ್ರವದ ಪದರವನ್ನುಂಟುಮಾಡುತ್ತದೆ. ಅದರಲ್ಲಿ ಮೊದಲು ಕೊರಂಡಂ ಹರಳುಗಳು ಮೂಡಿ, ನಿಧಾನವಾಗಿ ತಣಿಯುವಾಗ ಅವುಗಳ ಸುತ್ತ ಕಬ್ಬಿಣದ ಹೆಮಟೈಟ್ ಬೆಳೆದು ಕೆಂಪು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಯೋಶಿಹಿರೊ ಕುಸಾನೊ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನ ವಿವರಿಸುತ್ತದೆ. ಪ್ರಯೋಗಾಲಯದ ಕುಲುಮೆಯಲ್ಲಿಯೇ ಅವರು ಈ ಗುರುತನ್ನು ಮರಳಿ ಪಡೆದರು. ಇಲ್ಲಿ ಇನ್ನೊಂದು ಅಂಶವಿದೆ. ಸಾಂಪ್ರದಾಯಿಕ ಆವಿಗೆಯಲ್ಲಿಯೂ ಹಿದಾಸುಕಿ ಚೆನ್ನಾಗಿ ಮೂಡುವುದು ನೇರ ಜ್ವಾಲೆಯೂ ಬೂದಿಯೂ ತಾಕದಂತೆ ಮರೆಯಲ್ಲಿಟ್ಟ ಪಾತ್ರೆಗಳ ಮೇಲೆ. ಹಾಗಾಗಿ ಅದು ಜ್ವಾಲೆಯ ಗುರುತಲ್ಲ, ಹುಲ್ಲಿನ ಗುರುತು. ವಿದ್ಯುತ್ ಆವಿಗೆಯಲ್ಲಿ ಹುಲ್ಲು ಸುತ್ತಿ ಪಡೆದ ಹಿದಾಸುಕಿಯನ್ನು ನಕಲೆನ್ನಲು ಆಧಾರವಿಲ್ಲ. ಕಾರಣವೂ ಅದೇ, ಕಾರ್ಯವೂ ಅದೇ.

ಸಿಲಿಕಾನ್ ಕಾರ್ಬೈಡಿನ ಬಳಕೆಯೂ ಈ ಮಾರ್ಗಕ್ಕೆ ಸೇರುತ್ತದೆ. ಇದರ ನುಣುಪು ಪುಡಿಯನ್ನು ಗಾಜುಲೇಪದಲ್ಲಿ ಬೆರೆಸಿದರೆ ಕರಗಿದ ಗಾಜಿನೊಳಗೇ ಅದು ಆಮ್ಲಜನಕವನ್ನು ಸೆಳೆದುಕೊಂಡು, ಆವಿಗೆಯ ಗಾಳಿ ಉತ್ಕರ್ಷಣದ್ದಾಗಿದ್ದರೂ ತಾಮ್ರವನ್ನು ಕೆಂಪಾಗಿಸುತ್ತದೆ. ಅಮೆರಿಕದ ಆರ್ಥರ್ ಬ್ಯಾಗ್ಸ್ ಮತ್ತು ಎಡ್ಗರ್ ಲಿಟಲ್‌ಫೀಲ್ಡ್ ೧೯೩೨ರಲ್ಲಿಯೇ ಈ ವಿಧಾನವನ್ನು ಕುರಿತ ಲೇಖನ ಪ್ರಕಟಿಸಿದ್ದರು. ಅಪಕರ್ಷಣ ಇಲ್ಲಿ ಆವಿಗೆಯಿಂದ ಗಾಜುಲೇಪದೊಳಕ್ಕೆ ಸ್ಥಳಾಂತರಗೊಂಡಿದೆ. ಕಾರ್ಬೈಡು ವರ್ತಿಸುವಾಗ ಹೊರಡುವ ಅನಿಲ ಗುಳ್ಳೆಗಳನ್ನೆಬ್ಬಿಸುವುದು ಈ ವಿಧಾನದ ದೋಷ. ಲೂಸಿ ರೀ ಈ ದೋಷವನ್ನೇ ಆಯ್ದುಕೊಂಡು, ಪುಟ್ಟ ಕುಳಿಗಳಿಂದ ತುಂಬಿದ ಜ್ವಾಲಾಮುಖಿಯ ಕಲ್ಲಿನಂತಹ ಮೈಯನ್ನು ಪಾತ್ರೆಗಳಿಗೆ ತಂದುಕೊಟ್ಟರು. ಜ್ವಾಲೆಯ ಆವಿಗೆಯನ್ನು ಅನುಸರಿಸಲೆಂದು ಹುಟ್ಟಿದ ಉಪಾಯವೊಂದು ವಿದ್ಯುತ್ ಆವಿಗೆಯ ಸ್ವಂತ ನುಡಿಯಾದ ಪ್ರಸಂಗವಿದು.

ಎರಡನೆಯದು ಪದರ ಮತ್ತು ಕಾಲಗಳ ಮಾರ್ಗ. ಅಮೆರಿಕದ ಸ್ಟೀವನ್ ಹಿಲ್ ಅವರ ಕೆಲಸವನ್ನು ಇಲ್ಲಿ ಪರಿಶೀಲಿಸಬಹುದು. ದಶಕಗಳ ಕಾಲ ಅನಿಲದ ಆವಿಗೆಯಲ್ಲಿ ಉನ್ನತ ಶಾಖದ ಅಪಕರ್ಷಣವನ್ನು ನಡೆಸಿದ ಅವರು ೨೦೦೦ರ ದಶಕದ ಕೊನೆಯ ಭಾಗದಲ್ಲಿ ವಿದ್ಯುತ್ ಆವಿಗೆಗೆ ಹೊರಳಿದರು. ಸುಮಾರು ೧೩೦೦ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದ ಬದಲು ೧೨೨೦–೧೨೪೦ ಡಿಗ್ರಿಗಳಲ್ಲಿ ಪಕ್ವವಾಗುವ ಗಾಜುಲೇಪಗಳನ್ನು ಅವರು ಬಳಸುತ್ತಾರೆ. ಹಲವು ಲೇಪಗಳನ್ನು ಒಂದರ ಮೇಲೊಂದು ಸಿಂಪಡಿಸಿ, ಅವು ಕರಗಿ ಹರಿದು ಬೆರೆಯುವಂತೆ ಮಾಡುತ್ತಾರೆ. ಶಿಖರಶಾಖದಿಂದ ಇಳಿಯುವಾಗ ಆವಿಗೆಯನ್ನು ತಟ್ಟನೆ ತಣಿಸದೆ ಹಿಡಿದು ನಿಲ್ಲಿಸಿದರೆ ಕಬ್ಬಿಣ, ಟೈಟೇನಿಯಂ ಮುಂತಾದವುಗಳ ಸೂಕ್ಷ್ಮ ಹರಳುಗಳು ಬೆಳೆದು ಗಾಜಿನ ಏಕತಾನತೆ ಮುರಿಯುತ್ತದೆ. ದಪ್ಪ ಇಟ್ಟಿಗೆಯ ದೊಡ್ಡ ಆವಿಗೆ ತನ್ನ ಗಾತ್ರದಿಂದಲೇ ನಿಧಾನವಾಗಿ ತಣಿಯುತ್ತಿತ್ತು. ತೆಳುಗೋಡೆಯ ವಿದ್ಯುತ್ ಆವಿಗೆ ಬೇಗ ತಣಿಯುತ್ತದೆ. ಜ್ವಾಲೆಯ ವರವೆಂದು ಬಗೆದಿದ್ದ ಗುಣಗಳಲ್ಲಿ ಒಂದು ಭಾಗ ನಿಜವಾಗಿ ನಿಧಾನದ ವರವಾಗಿತ್ತು ಎಂಬ ತಿಳಿವಳಿಕೆ ಈ ಮಾರ್ಗದ ಮುಖ್ಯ ಕೊಡುಗೆ. ಹಿಲ್ ತಮ್ಮ ಪಾತ್ರೆಗಳನ್ನು ವಿದ್ಯುತ್ ಆವಿಗೆಯ ಪಾತ್ರೆಗಳೆಂದೇ ಹೇಳಿ ಕಲಿಸುತ್ತ ಬಂದಿರುವುದರಿಂದ ಇಲ್ಲಿ ಮರೆಮಾಚುವಿಕೆಯ ಪ್ರಶ್ನೆಯೂ ಏಳುವುದಿಲ್ಲ.

ಮೂರನೆಯದು ಚಿತ್ರಣದ ಮಾರ್ಗ. ಅಪಕರ್ಷಣದಲ್ಲಿ ಮಣ್ಣಿನ ಕಬ್ಬಿಣದ ಕಣಗಳು ಕರಗಿ ಗಾಜುಲೇಪವನ್ನು ಭೇದಿಸಿ ಚುಕ್ಕೆಗಳಾಗಿ ಹೊರಬರುತ್ತವೆ; ವಿದ್ಯುತ್ ಆವಿಗೆಯಲ್ಲಿ ಅದರ ಬದಲಿಗೆ ಮ್ಯಾಂಗನೀಸಿನ ತರಿಗಳನ್ನು ಮಣ್ಣಿಗೆ ಬೆರೆಸಲಾಗುತ್ತದೆ. ಜ್ವಾಲೆ ಸವರಿಹೋದ ಕಡೆ ಮೂಡುವ ಕಿತ್ತಳೆಗೆಂಪನ್ನು ಬಣ್ಣದ ತಿಳಿಮಣ್ಣನ್ನು ಒಂದು ಬದಿಗೆ ಮಾತ್ರ ಸಿಂಪಡಿಸಿ ತೋರಿಸಲಾಗುತ್ತದೆ. ಈ ಮಾರ್ಗದ ಮಿತಿ ತೀರ ಸ್ಪಷ್ಟವಾಗಿ ಕಾಣುವುದು ಇಂಗಾಲ ಸೆರೆಯ ಶಿನೊ ಲೇಪದಲ್ಲಿ. ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ವರ್ಜೀನಿಯಾ ವರ್ಟ್ ೧೯೭೦ರ ದಶಕದಲ್ಲಿ ರೂಪಿಸಿದ, ಸೋಡ ಬೆರೆತ ಶಿನೊ ಲೇಪವು ಅಮೆರಿಕದಲ್ಲಿ ವ್ಯಾಪಕವಾಯಿತು. ಲೇಪ ಆರುವಾಗ ಸೋಡ ಮೇಲ್ಮೈಗೆ ಬಂದು ಬೇಗ ಕರಗಿ, ಸುಡುವಿಕೆಯ ಆರಂಭದ ಹೊಗೆಯ ಮಸಿಯನ್ನು ತನ್ನಡಿಯಲ್ಲಿ ಸೆರೆಹಿಡಿಯುತ್ತದೆ. ಇದರಲ್ಲಿ ಕಾಣುವ ಕಪ್ಪು ಆ ದಿನದ ಹೊಗೆಯೇ. ಹೊಗೆಯಿಲ್ಲದ ಆವಿಗೆಯಲ್ಲಿ ಸೆರೆಹಿಡಿಯಲು ಏನೂ ಇರುವುದಿಲ್ಲ. ಅಲ್ಲಿ ಕಪ್ಪು ವರ್ಣದ್ರವ್ಯದಿಂದ ಮಸಿಯ ಮೋಡವನ್ನು ಬರೆದರೆ ಅದು ಚಿತ್ರವಾಗುತ್ತದೆಯೇ ಹೊರತು ಸಾಕ್ಷ್ಯವಾಗುವುದಿಲ್ಲ.

ಬೂದಿಯ ಬಳಕೆ ಈ ಮಾರ್ಗಗಳ ಗಡಿಯಲ್ಲಿ ನಿಲ್ಲುತ್ತದೆ. ಜರಡಿಯಿಂದ ಉದುರಿಸಿದ ಬೂದಿ ವಿದ್ಯುತ್ ಆವಿಗೆಯಲ್ಲಿಯೂ ಕರಗಿ ನಿಜವಾದ ಗಾಜೇ ಆಗುತ್ತದೆ. ಆದರೆ ಸೌದೆಯ ಆವಿಗೆಯಲ್ಲಿ ಬೂದಿ ಬೀಳುವುದು ಜ್ವಾಲೆಯ ಕಡೆಗೆ ಮುಖಮಾಡಿದ ಬದಿಗೆ. ಆ ಬದಿಯೇ ಪಾತ್ರೆಯ 'ಮುಖ'. ಪಾತ್ರೆ ಆವಿಗೆಯಲ್ಲಿ ನಿಂತಿದ್ದ ಸ್ಥಾನದ ದಾಖಲೆ ಅದು. ವಿದ್ಯುತ್ ಆವಿಗೆಯ ಪಾತ್ರೆಗೆ ಸುತ್ತಲೂ ಸಮನಾಗಿ ಬೂದಿ ಉದುರಿಸಿದರೆ ಅದು ಬೂದಿಯ ಲೇಪ. ಒಂದೇ ಬದಿಗೆ ಉದುರಿಸಿ, ಹಿಂಬದಿಯನ್ನು ಬರಿದಾಗಿ ಬಿಟ್ಟರೆ ಅದು ಇರದಿದ್ದ ಅಗ್ಗಿಷ್ಟಿಕೆಯೊಂದರ ಕಥನ. ವಸ್ತು ಒಂದೇ ಆದರೂ ಅದು ಹೇಳುವ ಮಾತು ಬೇರೆಯಾಗುತ್ತದೆ.

೬. ಪಠ್ಯ, ಪ್ರದರ್ಶನ ಮತ್ತು ಕೃತಕ ಜಾನಪದ

ಇಂತಹ ಪ್ರಶ್ನೆಗಳು ಜಾನಪದ ವಿದ್ವಾಂಸರಿಗೆ ಅಪರಿಚಿತವಲ್ಲ. ಅಮೆರಿಕದ ರಿಚರ್ಡ್ ಡಾರ್ಸನ್ ೧೯೫೦ರಲ್ಲಿ ಲೇಖಕರು ಕಲ್ಪಿಸಿ ಜನಪದರದೆಂದು ಸಾರಿದ ಕಥೆಗಳನ್ನು ಕೃತಕ ಜಾನಪದವೆಂದು ಕರೆದು ಖಂಡಿಸಿದರು. ಜರ್ಮನಿಯ ಹಾನ್ಸ್ ಮೋಸರ್ ೧೯೬೨ರಲ್ಲಿ, ಮೂಲ ಸಂದರ್ಭದಿಂದ ಬೇರ್ಪಟ್ಟು ಎರಡನೆಯ ಬಾರಿಗೆ ಬಳಕೆಗೊಳ್ಳುವ ಜಾನಪದವನ್ನು ಸೂಚಿಸಲು ಬೇರೊಂದು ಪರಿಭಾಷೆಯನ್ನು ಚರ್ಚೆಗೆ ತಂದರು. ಮುಂದೆ ರೆಜಿನಾ ಬೆಂಡಿಕ್ಸ್ ೧೯೯೭ರ ಕೃತಿಯಲ್ಲಿ 'ಅಸಲಿತನ'ದ ಹುಡುಕಾಟವೇ ಆಧುನಿಕರ ನಿರ್ಮಿತಿಯೆಂದು ವಾದಿಸಿದರು. ಈ ಚರ್ಚೆಯಿಂದ ಪಡೆಯಬೇಕಾದ ಪಾಠ ಒಂದಿದೆ. ಡಾರ್ಸನ್ನರ ಆಕ್ಷೇಪವು ಹೊಸ ಕಥೆಯನ್ನು ಬರೆದುದಕ್ಕಲ್ಲ, ಬರೆದುದನ್ನು ಕೇಳಿದುದೆಂದು ಹೇಳಿದುದ್ದಕ್ಕೆ. ವಿದ್ಯುತ್ ಆವಿಗೆಯ ವಿಷಯದಲ್ಲಿಯೂ ದೋಷವು ಸಾಧನದಲ್ಲಿಲ್ಲ. ಪಾತ್ರೆಯ ಮೂಲಕ ಮಾಡುವ ಹೇಳಿಕೆಯಲ್ಲಿದೆ.

ಆದರೆ ಹೇಳಿಕೆ ಪ್ರಾಮಾಣಿಕವಾಗಿದ್ದ ಮಾತ್ರಕ್ಕೆ ಏನೂ ಕಳೆದುಹೋಗಲಿಲ್ಲವೆಂದು ಭಾವಿಸುವಂತಿಲ್ಲ. ೧೯೭೦ರ ದಶಕದಿಂದ ಜಾನಪದ ಅಧ್ಯಯನವು ಪಠ್ಯದಿಂದ ಪ್ರದರ್ಶನದತ್ತ ಹೊರಳಿದುದು ಇಲ್ಲಿ ಪ್ರಸ್ತುತ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಕಾವ್ಯವನ್ನು, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಅಕ್ಷರಕ್ಕಿಳಿಸಿದಾಗ ಪಠ್ಯ ಉಳಿಯಿತು. ಆ ಕೆಲಸ ಅಮೂಲ್ಯವಾದುದು. ಆದರೆ ಹಾಡುವ ಇರುಳು, ಸೊಲ್ಲು ಕೂಡಿಸುವ ಹಿಮ್ಮೇಳ, ಕೇಳುವ ಒಕ್ಕಲು ಪುಸ್ತಕದೊಳಕ್ಕೆ ಬರಲಿಲ್ಲ. ವಿದ್ಯುತ್ ಆವಿಗೆಯ ಸಾಧನೆಯೂ ಇದೇ ಬಗೆಯದು. ಅದು ಬೆಂಕಿಯ ಪಠ್ಯವನ್ನು ಉಳಿಸಿ ಬೆಂಕಿಯ ಪ್ರದರ್ಶನವನ್ನು ಬಿಟ್ಟಿದೆ.

ಬಿಟ್ಟುದು ಎಂತಹುದು ಎಂಬುದನ್ನು ಬ್ರಯಾನ್ ಮೊರಾನ್ ಅವರ ಅಧ್ಯಯನದಿಂದ ಅರಿಯಬಹುದು. ಜಪಾನಿನ ಕ್ಯೂಷು ದ್ವೀಪದಲ್ಲಿ ಒನ್ತಾ ಎಂಬ ಕುಂಬಾರರ ಪುಟ್ಟ ಊರಿದೆ. ಹಳ್ಳದ ನೀರಿನ ಬಲದಿಂದ ಏಳುವ ಬೀಳುವ ಮರದ ಒನಕೆಗಳು ಅಲ್ಲಿ ಮಣ್ಣನ್ನು ಕುಟ್ಟುತ್ತವೆ. ಲೀಚ್ ೧೯೫೪ರಲ್ಲಿ ಅಲ್ಲಿಗೆ ಹೋಗಿದ್ದರಿಂದ ಆ ಊರಿನ ಹೆಸರು ಹೊರಗೂ ಹರಡಿತು. ೧೯೭೦ರ ದಶಕದ ಕೊನೆಯಲ್ಲಿ ಕ್ಷೇತ್ರಕಾರ್ಯ ನಡೆಸಿದ ಮೊರಾನ್ ೧೯೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಲವು ಮನೆತನಗಳು ಹಂಚಿಕೊಂಡು ಸುಡುವ ಸಾಮೂಹಿಕ ಆವಿಗೆಯು ಅಲ್ಲಿನ ಸಹಕಾರದ ಬದುಕಿನೊಡನೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ತೋರಿಸಿದ್ದಾರೆ. ಯಾರ ಪಾತ್ರೆ ಯಾವ ಕೋಣೆಯಲ್ಲಿ, ಯಾರ ಸರದಿ ಎಂದು ಎಂಬ ತೀರ್ಮಾನಗಳಲ್ಲಿ ಊರಿನ ಸಂಬಂಧಗಳೇ ಅಡಗಿವೆ. ಮಿಂಗೇ ಪ್ರತಿಪಾದಕರ ಕಣ್ಣಿಗೆ ಚೆಲುವಾಗಿ ಕಂಡುದು ಆ ಊರಿನವರಿಗೆ ಒಕ್ಕೂಟದ ಬದುಕಿನ ಲೆಕ್ಕಾಚಾರವಾಗಿತ್ತು. ವಿದ್ಯುತ್ ಆವಿಗೆಗೆ ಒಬ್ಬರು ಸಾಕು. ಶಾಖದ ಏರಿಳಿತವನ್ನು ನಿಯಂತ್ರಕಕ್ಕೆ ಒಪ್ಪಿಸಿ ಅವರೂ ಮಲಗಬಹುದು. ಒಂಟಿ ಕುಂಬಾರರಿಗೆ ಇದು ಬಿಡುಗಡೆ. ಸಮುದಾಯದ ನೆಲೆಯಲ್ಲಿ ನೋಡಿದಾಗ ಕೂಡುವ ನೆಪವೊಂದು ಇಲ್ಲವಾದಂತೆ.

ಹರಿಹರನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಶಿವ ಕುಣಿಯುವುದು ಗುಂಡಯ್ಯ ಮಡಕೆಯನ್ನು ಬಾರಿಸುವ ನಾದಕ್ಕೆ. ದೇವರನ್ನು ಇಳಿತಂದುದು ಸಿದ್ಧವಾದ ಮಡಕೆಯ ಅಂದವಲ್ಲ, ಕಾಯಕದ ಸದ್ದು ಎಂಬ ಈ ಗ್ರಹಿಕೆಯು ಪ್ರದರ್ಶನ ಸಿದ್ಧಾಂತಕ್ಕಿಂತ ಶತಮಾನಗಳಷ್ಟು ಹಳೆಯದು. ಕುಂಭಕಲೆಯ ಬೆಲೆಯನ್ನು ಪಾತ್ರೆಯ ಮೈಬಣ್ಣದಲ್ಲಿ ಮಾತ್ರ ಹುಡುಕುವ ವಿಮರ್ಶೆಗೆ, ಅದು ಯಾವ ಪಕ್ಷದ್ದೇ ಆಗಿರಲಿ, ಇದು ತಿದ್ದುಪಡಿಯಾಗಬಲ್ಲದು.

ಜ್ವಾಲೆಯ ಪಕ್ಷಪಾತಿಗಳು ಗಮನಿಸಬೇಕಾದ ಸಂಗತಿಯೂ ಒಂದಿದೆ. ಯಾನಗಿ ಹೇಳುವ ಪರಶಕ್ತಿ ವಿದ್ಯುತ್ ಆವಿಗೆಯಿಂದ ಸಂಪೂರ್ಣವಾಗಿ ಹೊರಟುಹೋಗಿಲ್ಲ. ಮುಚ್ಚಿದ ಬಾಗಿಲ ಹಿಂದೆ ಲೇಪಗಳು ಕರಗಿ ಕೂಡುವುದು, ಹರಳು ಎಲ್ಲಿ ಬೆಳೆಯಬೇಕೆಂದು ತಾನೇ ಆಯ್ದುಕೊಳ್ಳುವುದು ಕುಂಬಾರನ ಹಿಡಿತದಲ್ಲಿಲ್ಲ. ಹಾಗೆಯೇ ವಿದ್ಯುತ್ತು ಬೆಂಕಿಯಿಲ್ಲದ ಶಕ್ತಿಯೆಂಬುದೂ ಅರ್ಧಸತ್ಯ. ಉಷ್ಣಸ್ಥಾವರದಿಂದ ಬರುವ ವಿದ್ಯುತ್ತಾದರೆ ಕಲ್ಲಿದ್ದಲು ಇನ್ನೆಲ್ಲಿಯೋ ಉರಿದಿರುತ್ತದೆ, ಹೊಗೆ ಇನ್ನಾರದೋ ಊರಿನ ಮೇಲೆ ಕವಿದಿರುತ್ತದೆ. ಜ್ವಾಲೆ ಅಳಿದಿಲ್ಲ, ಪಾತ್ರೆಯಿಂದ ದೂರ ಸರಿದಿದೆ.

೭. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದಾಗಿದೆ. ವಿದ್ಯುತ್ ಆವಿಗೆಯಲ್ಲಿ ಪಡೆದ ಬೆಂಕಿಯ ಪರಿಣಾಮಗಳೆಲ್ಲವನ್ನೂ ನಕಲು ಎಂದು ಒಟ್ಟಾಗಿ ತಳ್ಳಿಹಾಕುವುದು ಸಾಧುವಲ್ಲ. ಹುಲ್ಲು, ಬೂದಿ, ಕಾರ್ಬೈಡುಗಳ ಮೂಲಕ ಕಾರಣವನ್ನು ಒದಗಿಸಿದಲ್ಲಿ ಪರಂಪರೆಯ ತಿಳಿವಳಿಕೆ ಹೊಸ ಸಾಧನಕ್ಕೆ ದಾಟಿಬಂದಿದೆ. ಪದರ ಮತ್ತು ಕಾಲಗಳನ್ನು ಆಳಿದಲ್ಲಿ ಹಳೆಯ ಆವಿಗೆಯ ಗುಣಗಳ ಬಗೆಗೇ ಹೊಸ ಅರಿವು ಮೂಡಿದೆ. ಚಿತ್ರಣದ ಮಾರ್ಗ ತನ್ನನ್ನು ಚಿತ್ರವೆಂದೇ ಕರೆದುಕೊಂಡರೆ ಆಕ್ಷೇಪಕ್ಕೆ ಎಡೆಯಿಲ್ಲ. ಸುಡದ ಸೌದೆಯ ಹೆಸರಿನಲ್ಲಿ ಮಾರಾಟವಾದಾಗ ಮಾತ್ರ ಅದು ಉರಿಯ ಮುಂದೆ ಇರುಳುಗಳನ್ನು ಕಳೆದವರ ದುಡಿಮೆಯ ಬೆಲೆಯನ್ನು ಕಸಿದುಕೊಳ್ಳುತ್ತದೆ.

ಇದರಿಂದ ಸಂಗ್ರಹಾಲಯಗಳಿಗೂ ಸಂಶೋಧಕರಿಗೂ ಒಂದು ಕರ್ತವ್ಯ ಒದಗುತ್ತದೆ. ಪಾತ್ರೆಯ ವಿವರಪಟ್ಟಿಯಲ್ಲಿ ಎತ್ತರ, ಸುತ್ತಳತೆ, ಬಣ್ಣಗಳ ಜೊತೆಗೆ ಆವಿಗೆಯ ಬಗೆ, ಇಂಧನ, ಒಳಗಾಳಿ, ಸುಟ್ಟ ಅವಧಿ, ತಣಿಸಿದ ಕ್ರಮ, ಸುಟ್ಟವರ ಸಂಖ್ಯೆ ಇವೂ ದಾಖಲಾಗಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪಾತ್ರೆಗಳ ಹಿಂದೆ ಎರಡು ಭಿನ್ನ ಬದುಕುಗಳಿರುವುದನ್ನು ಮುಂದಿನ ಓದುಗರಿಗೆ ತಿಳಿಸಲು ಬೇರೆ ದಾರಿಯಿಲ್ಲ. ನಮ್ಮ ನಾಡಿನ ಮಟ್ಟಿಗೆ ಇದು ಇನ್ನಷ್ಟು ತುರ್ತಿನ ಕೆಲಸ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೨೦೧೮ರಲ್ಲಿ ಆರಂಭಿಸಿದ ಕುಂಬಾರ ಸಬಲೀಕರಣ ಯೋಜನೆಯು ದೇಶದ ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಒದಗಿಸಿತು. ವಿದ್ಯುತ್ತು ಮೊದಲು ತಿಗರಿಗೆ ಬಂದಿದೆ. ಆವಿಗೆಗೂ ಬಂದಾಗ ಕುಂಬಾರರ ಕಣ್ಣುಗಳಿಗೆ ಹೊಗೆಯಿಂದ ಬಿಡುಗಡೆ ದೊರೆಯುವುದನ್ನು ಸ್ವಾಗತಿಸಲೇಬೇಕು. ಅದಕ್ಕೆ ಮುನ್ನ ಆವಿಗೆಯನ್ನು ಒಟ್ಟುವ ಕ್ರಮ, ಉರಿಯನ್ನು ಬಣ್ಣದಿಂದಲೇ ಅಳೆಯುವ ಕಣ್ಣಂದಾಜು, ಕಪ್ಪು ಮಡಕೆಗೆ ಗಾಳಿ ಕಟ್ಟುವ ಹೊತ್ತು, ಆವಿಗೆ ತೆರೆಯುವ ದಿನದ ಆಚರಣೆಗಳು ಅವುಗಳನ್ನು ಬಲ್ಲವರಿಂದಲೇ ದಾಖಲೆಗೊಳ್ಳಬೇಕು. ಕಾರಣ ತಿಳಿದಿದ್ದರೆ ಮಾತ್ರ ಹೊಸ ಆವಿಗೆಯಲ್ಲಿ ಅದನ್ನು ಮತ್ತೆ ಒದಗಿಸಲು ಸಾಧ್ಯ. ತಿಳಿಯದೆ ಹೋದರೆ ಮುಂದಿನವರಿಗೆ ಉಳಿಯುವುದು ಬಣ್ಣ ಬಳಿಯುವ ಕೆಲಸವಷ್ಟೆ.